ಸುದ್ದಿ ಬಂದರೂ ನಿಲ್ಲದ ಚಕ್ರ

ಮಾರ್ಚ್ ೧೨, ಗುರುವಾರ

ಮುದ್ದಿನ ಪುಟ್ಟಿಗೆ,

ನೀನೂ ಕೂಸೂ ಹುಷಾರಾಗಿದ್ದೀರಿ ಅಂದುಕೊಂಡಿದ್ದೇನೆ. ನೀನು ಅಷ್ಟು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಕೂಸನ್ನು ನೋಡೋಕೂ ಬರಲಿಲ್ಲ. ಮುನಿಸಿಕೋ, ನ್ಯಾಯವೇ. ಆಫೀಸಿನಲ್ಲಿ ಒಂದು ಕೆಲಸ ಜಿಗಣೆಯ ಹಾಗೆ ಹಿಡಿದುಬಿಟ್ಟಿತ್ತು. ಅದನ್ನೇ ಬರೆಯುತ್ತೇನೆ, ಹಾಲು ಕುಡಿಸುತ್ತಾ ಓದು. ಇಬ್ಬರಿಗೂ ಚೆನ್ನಾಗಿ ನಿದ್ದೆ ಬರುತ್ತದೆ.

ನಾವು ಒಂದು ಆಸ್ಪತ್ರೆಗೆ ಆ್ಯಪ್ ಮಾಡಿಕೊಟ್ಟಿದ್ದೇವೆ. ಒಳಗೆ ಆಪರೇಷನ್ ನಡೆಯುವಾಗ ಹೊರಗೆ ಕೂತ ಮನೆಯವರು ಮೊಬೈಲಿನಲ್ಲೇ ನೋಡಬಹುದು: ಶುರುವಾಯಿತು, ಮುಗಿಯಿತು, ವಾರ್ಡಿಗೆ ತಂದರು. ಸುದ್ದಿ ಬರುವ ತನಕ ಪರದೆಯ ಮೇಲೆ ಪುಟ್ಟ ಚಕ್ರವೊಂದು ತಿರುಗುತ್ತದೆ. ಕೆಲವರ ಫೋನಿನಲ್ಲಿ ಅದು ನಿಲ್ಲುವುದೇ ಇಲ್ಲ ಅಂತ ದೂರು. ನನ್ನ ಮೇಜಿನ ಫೋನುಗಳಲ್ಲಿ ಮಾತ್ರ ಹೊಸ ಅಳಿಯನ ಹಾಗೆ ತೆಪ್ಪಗಿರುತ್ತಿತ್ತು. ನಮ್ಮ ಮೇಲಧಿಕಾರಿ, ನಾವು ಗಡಿಬಿಡಿರಾಯ ಅನ್ನುವವರು, "ಒಂದು ಚಕ್ರಕ್ಕೆ ಇಷ್ಟು ದಿನಾನಾ? ತೆಗೆದು ಬೇರೆ ಏನಾದ್ರೂ ಕುಣಿಸಮ್ಮ" ಅಂದರು. ಕುಣಿಸಿದೆ. ಅದೂ ಕುಣಿಯುತ್ತಲೇ ಇತ್ತು.

ಸಾಕಾಗಿ ಆಸ್ಪತ್ರೆಗೇ ಹೋಗಿ ಆಪರೇಷನ್ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತೆ. ಪಕ್ಕದಲ್ಲಿ ಒಬ್ಬ ನಿವೃತ್ತ ಬಸ್ ಡ್ರೈವರ್. ಒಳಗೆ ಅವರ ಹೆಂಡತಿ. ಫೋನು ಅಂಗೈಯಲ್ಲಿ, ಚಕ್ರ ತಿರುಗುತ್ತಿದೆ. ಪರದೆ ಕಪ್ಪಾದಾಗಲೆಲ್ಲ ಒತ್ತಿ ಬೆಳಗಿಸುತ್ತಿದ್ದರು.

"ಎಷ್ಟು ಹೊತ್ತಿಂದ ಹೀಗಿದೆ ಯಜಮಾನ್ರೇ?"

"ಬೆಳಿಗ್ಗೆಯಿಂದ್ಲೂ ಇದೇ ಕಣಮ್ಮ. ತಿರುಗ್ತಿದೆ ಅಂದ್ರೆ ಒಳಗೆ ಇನ್ನೂ ಕುಯ್ತಿದಾರೆ ಅಂತ ತಾನೇ? ಚಿಕ್ಕ ಆಪರೇಷನ್ ಅಂದಿದ್ರು. ಏನೋ ಎಡವಟ್ಟಾಗಿದೆ."

ಓಡಿ ನರ್ಸನ್ನು ಕೇಳಿದೆ. "ಅಯ್ಯೋ, ಆಕೆನ ಆಗ್ಲೇ ವಾರ್ಡಿಗೆ ಹಾಕಿದೀವಿ! ಇವರೆಲ್ಲಿ, ಇವರೆಲ್ಲಿ ಅಂತ ಒಂದೇ ಸಮ ಅಳ್ತಿದಾರೆ. ಫೋನಲ್ಲಿ ತಿಳಿಸಿದೀವಲ್ಲ?"

ಯಜಮಾನರ ತೋಳು ಹಿಡಿದು ವಾರ್ಡಿಗೆ ಕರೆದೊಯ್ದೆ. ಗಂಡನನ್ನು ಕಂಡದ್ದೇ ಆಕೆ ಗೋಡೆಯ ಕಡೆ ಮುಖ ತಿರುಗಿಸಿದರು. "ಬಿಟ್ಟು ಹೋದ್ರಿ ಅನ್ಕೊಂಡೆ." ಅವರು ಮಂಚದ ಕಂಬಿ ಹಿಡಿದು ನಿಂತರು. ನಾನು ಮಾಡಿದ ಆ್ಯಪ್, ಪುಟ್ಟಿ.

ಬಸ್ಸಿನಲ್ಲಿ ಬರುವಾಗ ಅವರು ಒತ್ತಿ ಒತ್ತಿ ಪರದೆ ಬೆಳಗಿಸುತ್ತಿದ್ದದ್ದೇ ಕಣ್ಣ ಮುಂದೆ. ಅಲ್ಲೇ ಗಂಟು ಸಿಕ್ಕಿತು. ಈಗಿನ ಪದ್ಧತಿಯಲ್ಲಿ ನಾವು 'ಚಕ್ರ ಹಾಕು, ಚಕ್ರ ತೆಗೆ' ಅಂತ ಬರೆಯುವುದಿಲ್ಲ. 'ಕಾಯುತ್ತಿದ್ದರೆ ಚಕ್ರ, ಸುದ್ದಿ ಬಂದಿದ್ದರೆ ಸುದ್ದಿ' ಅಂತ ಬರೆದಿಡುತ್ತೇವೆ. ಸ್ಥಿತಿ ನೋಡಿ ಪರದೆ ತಾನೇ ಬದಲಾಗುತ್ತದೆ. ಆದರೆ 'ಕಾಯುತ್ತಿದ್ದೇನೆ' ಅನ್ನುವ ಆ ಸ್ಥಿತಿಯನ್ನು ಪರದೆಯ ಒಳಗೇ ಇಟ್ಟಿದ್ದೆವು. ಫೋನು ಕಪ್ಪಾಗಿ ಮತ್ತೆ ಬೆಳಗಿದಾಗ ಪರದೆ ಹೊಸದಾಗಿ ಹುಟ್ಟುತ್ತಿತ್ತು, ಜೊತೆಗೆ ಹೊಸ ಕಾಯುವಿಕೆಯೂ. ಸುದ್ದಿ ಮಾತ್ರ ಸತ್ತುಹೋದ ಹಳೆಯ ಪರದೆಯನ್ನು ಹುಡುಕಿಕೊಂಡು ಹೋಗುತ್ತಿತ್ತು. ನನ್ನ ಮೇಜಿನ ಫೋನುಗಳು ಸದಾ ಚಾರ್ಜರಿನಲ್ಲಿ, ಕಪ್ಪಾಗುವುದೇ ಇಲ್ಲ. ಅಲ್ಲಿ ಹೇಗೆ ಸಿಕ್ಕೀತು?

ಆ ಸ್ಥಿತಿಯನ್ನು ಪರದೆಯಿಂದ ಹೊರಗೆ ತಂದಿಟ್ಟೆ. ನಾಲ್ಕಾರು ಸಾಲು. ಚಕ್ರ ನಿಂತಿತು. "ಇಷ್ಟೇನಾ?" ಅಂದರು ಗಡಿಬಿಡಿರಾಯರು. "ಇಷ್ಟೇ ಸರ್" ಅಂದೆ. ವಾದ ಮಾಡುವ ತ್ರಾಣವೂ ಇರಲಿಲ್ಲ. ಮೈ ಹಿಂಡಿದ ಬಟ್ಟೆಯ ಹಾಗಾಗಿದೆ.

ನಿನ್ನ ಮಡಿಲು ಬೆಚ್ಚಗಿರಲಿ. ಕೂಸು ಹೊಟ್ಟೆ ತುಂಬ ಕುಡಿದು ಕಣ್ತುಂಬ ಮಲಗಲಿ, ನಿನ್ನನ್ನೂ ಮಲಗಗೊಡಲಿ.

ನಿನ್ನ
ಅಕ್ಕ

ಕಾಗದ ಮಡಿಸಿದವಳು ಮತ್ತೆ ಬಿಚ್ಚಿದೆ. ಕೆಲಸದ ಮಾತು ಸುಳ್ಳಲ್ಲ, ಆದರೆ ನಾನು ಬರದಿದ್ದದ್ದು ಅದಕ್ಕಲ್ಲ. ನಿನಗೆ ಹೆರಿಗೆಯಾದ ವಾರವೇ ನನ್ನ ಹೊಟ್ಟೆಯಲ್ಲಿದ್ದದ್ದು ಹೋಯಿತು. ಈ ಸಲವೂ ನಿಲ್ಲಲಿಲ್ಲ. ಅಮ್ಮನಿಗೂ ಹೇಳಿಲ್ಲ. ಫೋನಿನಲ್ಲಿ ನಿನ್ನ ಹಿಂದೆ ಕೂಸಿನ ದನಿ ಕೇಳಿಸಿದರೆ ನನ್ನ ದನಿ ಏನಾಗುತ್ತದೋ ಅಂತ ಎತ್ತಲಿಲ್ಲ. ಆಸ್ಪತ್ರೆಯಲ್ಲಿ ನಿನ್ನ ಭಾವ ಜೊತೆಗೇ ಇದ್ದರು. ಮನೆಗೆ ಬಂದು ಚಪ್ಪಲಿ ಬಿಚ್ಚುತ್ತಾ, "ಇನ್ನು ಸಾಕು ಬಿಡು" ಅಂದರು. ಪ್ರಯತ್ನ ಸಾಕು ಅಂದರೋ, ನಾನೇ ಸಾಕು ಅಂದರೋ, ಕೇಳುವ ಧೈರ್ಯ ಇನ್ನೂ ಬಂದಿಲ್ಲ.