ಎರ್ಮಿನಿಯಾ ಕೇಳಿದ ಪ್ರಶ್ನೆ

ಅಪ್ಪಾ,

ನೀನು ಪಾಠ ಮಾಡುತ್ತಿದ್ದ ಮಲಾಬೋ ನಗರದ ಶಾಲೆಯಲ್ಲೇ ಈಗ ನಾನೂ ಭೂಗೋಳ ಕಲಿಸುತ್ತಿದ್ದೇನೆ. ಇವತ್ತು ನಮ್ಮ ದೇಶದ ಪಾಠವಿತ್ತು. 'ನಮ್ಮದು ಚಿಕ್ಕ ದೇಶ, ಆದರೆ ತೈಲದಿಂದ ಸಿರಿವಂತವಾದ ದೇಶ' ಎಂದು ಬೋರ್ಡಿನ ಮೇಲೆ ಬರೆದೆ. ಹಿಂದಿನ ಬೆಂಚಿನಿಂದ ಎರ್ಮಿನಿಯಾ ಎದ್ದು ನಿಂತಳು. ಬಾವಿಯಿಂದ ಮನೆಗೆ ನೀರು ಹೊತ್ತು ಹಾಕಿ ದಿನವೂ ತಡವಾಗಿ ಬರುವ ಹುಡುಗಿ ಅವಳು.

"ಟೀಚರ್, ಆ ತೈಲ ಯಾರದ್ದು?"

"ದೇಶದ್ದು."

"ನಾವೂ ದೇಶದೋರೇ ತಾನೇ? ಮತ್ತೆ ನಮ್ಮ ಕೇರಿ ನಲ್ಲೀಲಿ ನೀರ್ಯಾಕೆ ಬರಲ್ಲ?"

"ಮೊದ್ಲು ಹೊತ್ತಿಗೆ ಸರಿಯಾಗಿ ಬರೋದು ಕಲಿ, ಆಮೇಲೆ ತೈಲದ ಪಾಲು ಕೇಳುವಂತೆ" ಎಂದು ಯಾರೋ ಛೇಡಿಸಿದರು. ತರಗತಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಕಿಟಕಿಯಾಚೆ ಹೆಡ್‌ಮಾಸ್ಟರ್ ದೋನ್ ಸಿಲ್ವೆರಿಯೋ ನಿಂತು ಕೇಳಿಸಿಕೊಳ್ಳುತ್ತಿದ್ದರು.

ಇಂಥದ್ದೇ ಪ್ರಶ್ನೆಗೆ ನೀನು ಒಂದಿಡೀ ಪಿರಿಯಡ್ ಉತ್ತರ ಹೇಳಿದ್ದೆಯಂತೆ. ಮರುದಿನ ಜೀಪಿನಲ್ಲಿ ಬಂದವರು ಚಪ್ಪಲಿ ಮೆಟ್ಟಿಕೊಳ್ಳಲೂ ಬಿಡದೆ ನಿನ್ನನ್ನು ಹಿಡಿದೊಯ್ದರು. ಈಗಲೂ ಬೀದಿಯಲ್ಲಿ ಜೀಪಿನ ಸದ್ದಾದರೆ ಅಮ್ಮ ಆಡುತ್ತಿದ್ದ ಮಾತು ನಿಲ್ಲಿಸುತ್ತಾಳೆ.

"ಅದು ಪರೀಕ್ಷೆಗೆ ಬರಲ್ಲ. ಕೂತ್ಕೊಂಡು ಬೋರ್ಡ್ ನೋಡಿ ಬರ್ಕೋ" ಎಂದೆ.

ಅವಳು ಕೂತು ಬರೆದುಕೊಂಡಳು. ಹೆಡ್‌ಮಾಸ್ಟರ್ ಮುಂದೆ ನಡೆದರು.

ಶಾಲೆ ಬಿಟ್ಟಾಗ ಅವಳು ಗೇಟಿನ ಬಳಿ ನನಗಾಗಿ ಕಾಯುತ್ತಿದ್ದಳು.

"ಟೀಚರ್, ನಿಮಗೂ ನಿಜವಾಗ್ಲೂ ಗೊತ್ತಿಲ್ವಾ?"

"ಗೊತ್ತಿಲ್ಲ ಕಣಮ್ಮಾ."

"ಹೋಗ್ಲಿ ಬಿಡಿ" ಎಂದು ಅವಳೇ ನನಗೆ ಸಮಾಧಾನ ಹೇಳಿದಳು. "ನಮ್ಮಮ್ಮನೂ ಗೊತ್ತಿಲ್ಲ ಅಂತಾನೇ ಹೇಳೋದು. ಹೇಳುವಾಗ ಅವಳೂ ನಿಮ್ಮ ಥರಾನೇ ಆ ಕಡೆ ಎಲ್ಲೋ ನೋಡ್ತಾಳೆ."