ಬೆಂಗಳೂರಿಗೆ ಬರಬಹುದು, ಜಕ್ಕೂರಿಗೆ ಬರಕೂಡದು

ಪರದೇಶಿಗಳ ಹಾಜರಿ ತೆಗೆದುಕೊಳ್ಳುವ ಮಾನ್ಯ ಅಧಿಕಾರಿಗಳೇ,

ಜಕ್ಕೂರು ಬೆಂಗಳೂರಿನಲ್ಲಿಲ್ಲ ಎಂಬುದು ತಮ್ಮ ಕಚೇರಿಯ ತೀರ್ಮಾನ. ಈ ಸಂಗತಿ ನಮ್ಮೂರಿನವರಿಗೇ ಗೊತ್ತಿರಲಿಲ್ಲ. ತಿಳಿಸಿಕೊಟ್ಟದ್ದಕ್ಕೆ ಮೊದಲು ವಂದನೆ. ಆದರೆ ಈ ಭೂಗೋಳದ ಪಾಠವನ್ನು ಸೊಂಟ ಮುರಿದುಕೊಂಡು ಮಲಗಿದ್ದ ನನ್ನ ತಾಯಿಯ ಮೇಲೆ ಪ್ರಯೋಗಿಸಿದ್ದರ ಬಗ್ಗೆ ನನ್ನದೊಂದು ತಕರಾರಿದೆ. ತಮ್ಮ ಬಾಗಿಲಲ್ಲಿ ಕಾದು ಹೇಳಿದ್ದಾಯಿತು. ಕೇಳುವವರಿರಲಿಲ್ಲ. ಅದಕ್ಕೆ ಊರೆಲ್ಲ ಓದಲೆಂದು ಈ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಾನು ಯಲಹಂಕದ ಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರು. ನನ್ನ ಅಕ್ಕ ಮಲ್ಕಾ ಹುಟ್ಟಿದ್ದು, ಅಕ್ಷರ ಕಲಿತದ್ದು, ಜಕ್ಕೂರು ಕೆರೆಯಲ್ಲಿ ಬಟ್ಟೆ ಒಗೆದದ್ದು ಎಲ್ಲವೂ ಈ ದೇಶದಲ್ಲಿಯೇ. ಅರವತ್ತೆರಡರಲ್ಲಿ ಅವಳನ್ನು ಕರಾಚಿಯಲ್ಲಿ ನೆಲೆಸಿದ್ದ ನಮ್ಮ ಸೋದರಮಾವನ ಮಗನಿಗೆ ಕೊಟ್ಟೆವು. ಬೊಂಬಾಯಿಯಲ್ಲಿ ಹಡಗು ಹತ್ತುವಾಗ, "ಮುಂದಿನ ರಂಜಾನಿಗೆ ಬಂದೇ ಬರ್ತೀನಿ, ಅಳಬೇಡ" ಎಂದು ಅಮ್ಮನಿಗೆ ಹೇಳಿದ್ದಳು. ಆಮೇಲೆ ಎರಡು ಸರ್ಕಾರಗಳು ಎರಡು ಸಲ ಯುದ್ಧ ಮಾಡಿದವು. ಗೆದ್ದವರು ಯಾರೆಂದು ನಾನು ತರಗತಿಯಲ್ಲಿ ಹೇಳಬಲ್ಲೆ. ಸೋತವಳು ನಮ್ಮ ಅಡುಗೆಮನೆಯಲ್ಲಿ ಒಲೆ ಊದುತ್ತ ಕೂತಿದ್ದಳು. ಅಕ್ಕ ಮಾಡಿದ ಅಪರಾಧವೆಂದರೆ ಮದುವೆ. ಶಿಕ್ಷೆ ಬೇರೆ ಬಣ್ಣದ ಪಾಸ್‌ಪೋರ್ಟು.

ಹೋದ ವರ್ಷ ಅಮ್ಮ ಬಾವಿಕಟ್ಟೆಯಲ್ಲಿ ಜಾರಿ ಬಿದ್ದಳು. ಹಾಸಿಗೆಯಿಂದ ಅಲುಗಾಡಿಸಬೇಡಿ ಎಂದರು ಡಾಕ್ಟರು. ಅಕ್ಕ ಅಲ್ಲಿ ಯಾರ್ಯಾರ ಕೈಕಾಲು ಹಿಡಿದಳೋ, ಅಂತೂ ವೀಸಾ ಸಿಕ್ಕಿತು. ಅದರಲ್ಲಿ 'ಬೆಂಗಳೂರು' ಎಂದಿತ್ತು. ಇನ್ನೇನು ಬೇಕು ಎಂದು ನಾವು ಹಿಗ್ಗಿದೆವು. ನಿಯಮದಂತೆ ರೈಲಿಳಿದವಳನ್ನು ನೇರ ತಮ್ಮ ಕಚೇರಿಗೇ ಕರೆತಂದೆ.

"ಎಲ್ಲಿ ಉಳ್ಕೋತೀರಿ?" ಎಂದು ತಾವು ಕೇಳಿದಿರಿ.

"ಜಕ್ಕೂರಲ್ಲಿ ಸಾರ್, ನಮ್ಮಮ್ಮನ ಮನೇಲಿ" ಎಂದಳು ಅಕ್ಕ.

ತಾವು ತಲೆಯೆತ್ತಿದಿರಿ. "ಇಷ್ಟ್ ಚೆನ್ನಾಗಿ ಕನ್ನಡ ಮಾತಾಡ್ತೀರಲ್ಲಾ, ಎಲ್ಲಿ ಕಲಿತ್ರಿ?"

ಮಾನ್ಯರೇ, ಪರಭಾಷೆಯವರು ಕನ್ನಡ ಕಲಿಯುತ್ತಿಲ್ಲವೆಂದು ಈ ಊರಿನಲ್ಲಿ ಸಭೆಗಳೇ ನಡೆಯುತ್ತವೆ. ಕಲಿತವಳೊಬ್ಬಳು ಎದುರಿಗೆ ನಿಂತರೆ ತಮಗೆ ಅನುಮಾನ! "ಇಲ್ಲೇ ಸಾರ್, ಜಕ್ಕೂರ್ ಸ್ಕೂಲಲ್ಲಿ" ಎಂದಳು ಅವಳು. ತಾವು ವೀಸಾವನ್ನು ಬೆಳಕಿಗೆ ಹಿಡಿದು ನೋಡಿ, "ನೋಡಿ ಮೇಷ್ಟ್ರೇ, ಇದ್ರಲ್ಲಿ ಬೆಂಗಳೂರು ಅಂತಿದೆ. ಜಕ್ಕೂರು ಕಾರ್ಪೊರೇಷನ್ ಒಳಗಡೆ ಬರಲ್ಲ. ಹೆಬ್ಬಾಳ ದಾಟಿದ್ರೋ, ಕೇಸ್ ಹಾಕ್ಬೇಕಾಗತ್ತೆ" ಎಂದಿರಿ. ತಾಯಿ ಅಲ್ಲಿ ಮಲಗಿದ್ದಾಳೆ ಎಂದೆ. ಅನುಮತಿ ದೆಹಲಿಯಿಂದ ಬರಬೇಕು, ಬರೆದು ಕೊಟ್ಟು ಹೋಗಿ ಎಂದಿರಿ. ಬರೆದುಕೊಟ್ಟೆ.

ನಮ್ಮೂರಿನ ಹಾಲು, ದಂಟಿನ ಸೊಪ್ಪು ದಿನಾ ಬೆಳಿಗ್ಗೆ ಹೆಬ್ಬಾಳ ದಾಟಿ ಬಂದು ಬಹುಶಃ ತಮ್ಮ ಮನೆಯ ಸಾರಿಗೂ ಬೀಳುತ್ತವೆ. ನಮ್ಮ ಏರೋಡ್ರೋಮಿನ ಪುಟ್ಟ ವಿಮಾನಗಳು ಆ ಗಡಿಯ ಮೇಲೆ ಹೊತ್ತುಗೊತ್ತಿಲ್ಲದೆ ಸುತ್ತುತ್ತವೆ. ಅವಕ್ಕೆಲ್ಲ ದೆಹಲಿ ಯಾವಾಗ ಅಪ್ಪಣೆ ಕೊಟ್ಟಿತು?

ಅಕ್ಕ ಆರ್.ಟಿ. ನಗರದಲ್ಲಿರುವ ಚಿಕ್ಕಪ್ಪನ ಮಗ ವಹಾಬನ ಮನೆಯಲ್ಲಿ ಉಳಿದಳು. ನಾನು ದಿನವೂ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಕ್ಷೇಮ ಸಮಾಚಾರ ಹೊತ್ತೆ. ಸಾವಿರ ಮೈಲಿ ದಾಟಿ ಬಂದವಳಿಗೆ ಕೊನೆಯ ನಾಲ್ಕಾರು ಮೈಲಿ ಸಿಗಲಿಲ್ಲ. ದೆಹಲಿಯಿಂದ ಉತ್ತರವೂ ಬರಲಿಲ್ಲ. ಕೊನೆಗೆ ಒಂದು ದಿನ ಪಕ್ಕದ ಮನೆಯ ಮುನಿಕೆಂಪಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು. "ಇಂಗೇ ಕಾಯ್ತಾ ಕುಂತ್ರೆ ಆಗಾಕಿಲ್ಲ ಮೇಷ್ಟ್ರೇ. ಮಗ್ಳು ಬರಂಗಿಲ್ಲ ಅಂದ್ರೆ ತಾಯೀನೇ ಒತ್ಕೊಂಡ್ ಓಗಾನ. ಅದ್ಕೂ ದಿಲ್ಲಿ ಕೇಳ್ಬೇಕಾ?"

ಅವಳ ಮಗನ ಸೊಪ್ಪಿನ ಟೆಂಪೊದಲ್ಲಿ ಹುಲ್ಲು ಹರಡಿ, ಮೇಲೆ ಹಾಸಿಗೆ ಹಾಸಿ, ಅಮ್ಮನನ್ನು ಮಲಗಿಸಿದೆವು. ಪ್ರತಿ ಹಳ್ಳಕ್ಕೂ ಅಮ್ಮ ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ಮುನಿಕೆಂಪಮ್ಮ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ತಮ್ಮ ಇಲಾಖೆಯನ್ನು ಹರಸಿದಳು. ಆ ಪದಗಳನ್ನು ಪತ್ರಿಕೆಯವರು ಅಚ್ಚು ಹಾಕಲಾರರು.

ವಹಾಬನ ಮನೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಇಪ್ಪತ್ತು ವರ್ಷದ ಮೇಲೆ ಮಗಳನ್ನು ಕಂಡ ಅಮ್ಮ ಅಳಲಿಲ್ಲ. ನರೆತ ತಲೆಯನ್ನೇ ನೋಡಿ ನಮ್ಮ ಮನೆಮಾತು ದಖ್ಖನಿ ಉರ್ದುವಿನಲ್ಲಿ ಗದರಿದಳು: ತಲೆಗೆ ಎಣ್ಣೆ ಹಾಕುವುದನ್ನೂ ಮರೆತೆಯಾ? ಸಂಜೆಯವರೆಗೂ ಅಕ್ಕ ಮಂಚಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದಳು, ಅಮ್ಮ ಮಲಗಿದಲ್ಲಿಂದಲೇ ಅವಳ ನೆತ್ತಿಗೆ ಎಣ್ಣೆ ತಿಕ್ಕಿದಳು. ನಾನು ಹೊರಗೆ ಜಗಲಿಯಲ್ಲಿ ಕೂತೆ. ಒಳಗಿರಲು ಆಗಲಿಲ್ಲ.

ಆ ಪ್ರಯಾಣದಿಂದ ಅಮ್ಮನ ಸೊಂಟ ಇನ್ನಷ್ಟು ಕೆಟ್ಟಿತು. ಸ್ವಲ್ಪ ದಿನ ಹೆಚ್ಚಿಗೆ ಕೊಡಿ ಎಂದು ಅಕ್ಕ ಬೇಡಿದಳು. 'ಪರಿಶೀಲನೆಯಲ್ಲಿದೆ' ಎಂದಿರಿ. ಪರಿಶೀಲನೆ ಮುಗಿಯುವ ಮೊದಲೇ ಅವಧಿ ಮುಗಿಯಿತು. ಅವಳು ಹೋದಳು. ಅಮ್ಮನನ್ನು ಅದೇ ಟೆಂಪೊದಲ್ಲಿ ಮನೆಗೆ ತಂದೆವು.

ಆಮೇಲೊಂದು ದಿನ ನಮ್ಮ ಮನೆಗೆ ಕಾನ್‌ಸ್ಟೇಬಲ್ ಒಬ್ಬರು ಬಂದರು, ತನಿಖೆಗೆ. "ಅಮ್ಮಾ, ಆ ಪಾಕಿಸ್ತಾನದ ಹೆಂಗಸು ಇಲ್ಲಿಗ್ ಬಂದಿದ್ರಾ?" ಎಂದು ಕೇಳಿದರು.

"ಬಂದಿದ್ರೆ ನಾನ್ ಯಾಕಪ್ಪಾ ಸಾಯ್ತಾ ಸಾಯ್ತಾ ಅಲ್ಲಿಗೆ ಹೋಗ್ತಿದ್ದೆ?" ಎಂದಳು ಅಮ್ಮ.

ಆತ ಒಳ್ಳೆಯವರು. ತಲೆ ತಗ್ಗಿಸಿ ಟೀ ಕುಡಿದು ಹೋದರು. ಅವರ ವರದಿ ತಮಗೆ ತಲುಪಿರಬೇಕು. ಕಾನೂನು ಗೆದ್ದಿದೆ, ಸಿಹಿ ಹಂಚಿ.

ಕನ್ನಡದಲ್ಲಿ ಪರದೇಶಿ ಎಂದರೆ ಬೇರೆ ದೇಶದವರು. ದಿಕ್ಕಿಲ್ಲದವರು ಎಂಬ ಅರ್ಥವೂ ಉಂಟು. ಮೇಷ್ಟ್ರಾಗಿ ಇಷ್ಟು ವರ್ಷ ಪಾಠ ಹೇಳಿದರೂ ಎರಡನೆಯ ಅರ್ಥ ನನಗೆ ತಿಳಿದದ್ದು ತಮ್ಮ ಕಚೇರಿಯ ಬೆಂಚಿನ ಮೇಲೆ ಕಾಯುವಾಗ.

ಈಗ ಅಕ್ಕ ಮತ್ತೆ ಅರ್ಜಿ ಹಾಕಿದ್ದಾಳೆ. ವಿಚಾರಣೆಗೆ ಅದು ತಮ್ಮ ಮೇಜಿಗೇ ಬರುತ್ತದಂತೆ. ಈ ಸಲ 'ಜಕ್ಕೂರು' ಎಂಬ ಮೂರಕ್ಷರ ಸೇರಿಸಲು ಶಿಫಾರಸು ಮಾಡಿ. ದಿನವೂ ಅವಳನ್ನು ಠಾಣೆಗೆ ಕರೆತಂದು ಹಾಜರಿ ಹಾಕಿಸುವ ಹೊಣೆ ನನ್ನದು. ದೆಹಲಿಯನ್ನು ಕೇಳುವುದಿದ್ದರೆ ಇವತ್ತೇ ಕೇಳಿ. ಅಮ್ಮ ಗಂಜಿಯನ್ನೂ ಅರ್ಧಕ್ಕೆ ಬಿಡುತ್ತಿದ್ದಾಳೆ. ಇನ್ನು ಯಾವ ಟೆಂಪೊಗೂ ಅವಳನ್ನು ಹತ್ತಿಸುವಂತಿಲ್ಲ. ಮೊನ್ನೆ ನನ್ನ ಹೆಂಡತಿಯನ್ನೇ "ಮಲ್ಕಾ" ಎಂದು ಕರೆದಳು. ಇವಳು "ಹ್ಞೂಂ ಅಮ್ಮಾ, ಇಲ್ಲೇ ಇದೀನಿ" ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ವಿದೇಶೀಯಳೊಬ್ಬಳು ಅನುಮತಿಯಿಲ್ಲದೆ ವಾಸವಾಗಿದ್ದಾಳೆ. ಕೇಸು ಹಾಕುವುದಾದರೆ ಹಾಕಿ, ಇಲ್ಲವೇ ನಿಜವಾದವಳನ್ನು ಕಳಿಸಿಕೊಡಿ.

ಇಂತಿ,
ಪರದೇಶಿಯೊಬ್ಬಳ ಸ್ವದೇಶಿ ತಮ್ಮ,
ಮನ್ಸೂರ್, ಕನ್ನಡ ಮೇಷ್ಟ್ರು
ಜಕ್ಕೂರು (ಬೆಂಗಳೂರು ಎಂದು ಬರೆಯಲು ಧೈರ್ಯ ಸಾಲದು), ೧೯೮೩