ಹದಿನೆಂಟು ಕೋಟಿಯ ಕಿವಿ

ಮಾರ್ಚ್ 3, ಸೋಮವಾರ

ಇವತ್ತೂ ನಲವತ್ತು ರೆಕಾರ್ಡಿಂಗ್. ಬೈಕ್ ಎಂಜಿನ್ನಿನ ಸದ್ದು ಫೋನಿನಲ್ಲಿ ಕೇಳಿಸುವುದು, ಮೆಕ್ಯಾನಿಕ್ ಕಮರುದ್ದೀನ ಕಾಕಾ ಹೇಳಿದ ದೋಷ ಬರೆದುಕೊಳ್ಳುವುದು. ಮೂರು ವರ್ಷದಿಂದ ಇದೇ. ಹಳೇ ಹುಬ್ಬಳ್ಳಿಯ ಈ ಗ್ಯಾರೇಜಿನಲ್ಲಿ ಕಾಕಾ ಹೇಳಿದ್ದನ್ನೇ ನಮ್ಮ ಆ್ಯಪ್ ಕಲಿತದ್ದು. ಫೋನ್ ಹಿಡಿದರೆ ಸಾಕು, ಎಂಜಿನ್ನಿನ ರೋಗ ಹೇಳುತ್ತದೆ. ಕಂಪನಿಯಲ್ಲಿ ಕಾಕಾನ ಪಾಲು ಶೇಕಡಾ ಎಂಟು.

ನಮ್ಮಲ್ಲಿ ಹಣ ಹಾಕಲಿರುವ ಬೆಂಗಳೂರಿನ ಫಂಡ್‌ನ ಸುಶ್ರುತ ಫೋನ್ ಮಾಡಿದ್ದ. ಕಂಪನಿಯ ವ್ಯಾಲ್ಯುಯೇಶನ್ ಹದಿನೆಂಟು ಕೋಟಿಯಂತೆ! ಅವ್ವನಿಗೆ ಹೇಳಿದೆ. "ಕೂಸು ಹುಟ್ಟೂಕ್ಕಿಂತ ಮೊದಲ ಕುಲಾವಿ ಹೊಲಿಬ್ಯಾಡ." ಹೊಲಿದಾಗಿದೆ.

ಮಾರ್ಚ್ 6, ಗುರುವಾರ

ಸುಶ್ರುತ ಗ್ಯಾರೇಜಿಗೆ ಬಂದ. ಬಿಳಿ ಬೂಟು, ಪಾಪ. ಒಂದು ಬೈಕಿಗೆ ಆ್ಯಪ್ ಟೈಮಿಂಗ್ ಚೈನಿನ ದೋಷ ಎಂದಿತು. ಕಾಕಾ ಎಂಜಿನ್ ಮೇಲೆ ಅಂಗೈ ಇಟ್ಟು, "ಚೈನ್ ಅಲ್ರಿ, ವಾಲ್ವ್ ಲೂಸ್ ಐತಿ," ಅಂದರು. ಬಿಚ್ಚಿದರೆ ವಾಲ್ವೇ.

"ಇವ್ರೇ ನಿಮ್ಮ ಆಸ್ತಿ ಮೇಡಂ," ಅಂದ ಸುಶ್ರುತ. ನನಗೆ ಆ ಅಂಗೈಯದೇ ಚಿಂತೆ. ಕಾಕಾ ಮೊದಲು ಎಂಜಿನ್ ಮುಟ್ಟುತ್ತಲೇ ಇರಲಿಲ್ಲ. ಬಾಗಿಲಲ್ಲಿ ನಿಂತೇ ಹೇಳುತ್ತಿದ್ದರು...

ಮಾರ್ಚ್ 8, ಶನಿವಾರ

ಎರಡು ವರ್ಷದ ಹಿಂದೆ ಕಾಕಾ ಕೇಳಿದ್ದ ನೂರು ರೆಕಾರ್ಡಿಂಗ್ ಹೊಸವೆಂದು ಮತ್ತೆ ಕೇಳಿಸಿದೆ. ಅರವತ್ತೊಂದಕ್ಕೆ ಬೇರೆ ಉತ್ತರ. ಹಿಂದಿನಿಂದ ಕರೆದೆ. ತಿರುಗಲಿಲ್ಲ.

ಎದುರು ಹೋಗಿ, ಯಾವಾಗಿನಿಂದ ಅಂತ ಕೇಳಿದೆ. ನನ್ನ ತುಟಿ ನೋಡಿದರು.

"ಹೋದ ಬಕ್ರೀದಿನಿಂದ. ಕೈ ಇಟ್ರ ತಿಳೀತೈತಿ ಉಮವ್ವಾ. ಫೋನಿನಾಗ ಕೈ ಎಲ್ಲಿಡ್ಲಿ?"

"ನಂಗ್ಯಾಕ ಹೇಳಲಿಲ್ಲ?"

"ಕಾಕಾನ ಕಿವಿ ಮ್ಯಾಲ ಕಂಪನಿ ನಿಂತೈತಿ ಅಂತ ಊರೆಲ್ಲಾ ಹೇಳ್ಕೊಂತ ಅಡ್ಡಾಡಾಕತ್ತಿದ್ದಿ. ಹೆಂಗ ಹೇಳ್ಲಿ?"

ಸಿಟ್ಟು ಬಂತು. ನನ್ನ ಮೇಲೆ. ಖರೇ ಅಂದರೆ ಅವರ ಮೇಲೂ.

ಮಾರ್ಚ್ 14, ಶುಕ್ರವಾರ

ಬಕ್ರೀದಿನಿಂದೀಚಿನ ಒಂಬತ್ತು ತಿಂಗಳ ಕೆಲಸ ನಂಬುವ ಹಾಗಿಲ್ಲ. ಅದನ್ನು ತೆಗೆದರೆ ಸುಶ್ರುತನಿಗೆ ತೋರಿಸಿದ ಅಂಕಿ ನಿಲ್ಲುವುದಿಲ್ಲ. ಪಾಲುದಾರ ಅಮರೇಶನದು ಒಂದೇ ಮಾತು — "ಸೋಮವಾರ ಸಹಿ ಆಗ್ಲಿ, ಆಮ್ಯಾಲ ತಿದ್ದೂಣು. ಅವ್ರು ಕೇಳಿಲ್ಲ, ನಾವು ಹೇಳಿಲ್ಲ."

ಕೇಳಿದ್ದಾರೆ. ಅವರು ಕಳಿಸಿದ ಪಟ್ಟಿಯ ಹನ್ನೊಂದನೆಯ ಪ್ರಶ್ನೆ: ರೆಕಾರ್ಡಿಂಗ್‌ಗಳಿಗೆ ಬರೆದ ದೋಷ ಸರಿಯೇ ಅಂತ ಮತ್ತೆ ಪರೀಕ್ಷಿಸಿದ್ದೀರಾ? ಉತ್ತರದ ಜಾಗ ಖಾಲಿ ಬಿಟ್ಟಿದ್ದೇನೆ. ಹೇಡಿ ನಾನು.

ಮಾರ್ಚ್ 17, ಸೋಮವಾರ, ಬೆಳಿಗ್ಗೆ 9.50

ಹತ್ತಕ್ಕೆ ಸುಶ್ರುತನ ವಿಡಿಯೋ ಕಾಲ್. ಕಾಕಾ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಪಕ್ಕದಲ್ಲಿ ಕೂತಿದ್ದಾರೆ.

"ಅವ್ರಿಗೆ ನಾನ ಹೇಳ್ತೇನಿ. ರಂಜಾನ್ ರೋಜಾ ಹಿಡದೇನಿ, ಸುಳ್ಳು ಆಗೂದಿಲ್ಲ. ಅವ್ರ ಮಾತು ಮಾತ್ರ ನಂಗ ಕೇಳ್ಸೂದಿಲ್ಲ. ಅಂದದ್ದು ಅಂದಂಗ ಬರದು ತೋರ್ಸವ್ವಾ."

ಕೈಯಲ್ಲಿದ್ದ ಹಾಳೆ ಈ ಡೈರಿಯದೇ, ಇದರಲ್ಲೇ ಬರೆದು ತೋರಿಸುತ್ತೇನೆ. ಕಾಲ್ ಬಂತು.

ಸುಶ್ರುತ: ನಮಸ್ಕಾರ ಕಾಕಾ. ತಿಂಡಿ ಆಯ್ತಾ?

ಸುಶ್ರುತ: ಪೂರ್ತಿ ಕೇಳ್ಸಲ್ವಾ? ಎಷ್ಟು ತಿಂಗಳಿಂದ?

ಸುಶ್ರುತ: (ನಮ್ಮ ಅಂಕಿಯ ಹಾಳೆ ತಿರುಗಿಸಿ ನೋಡುತ್ತಿದ್ದಾರೆ)

ಸುಶ್ರುತ: ಹಾಗಾದ್ರೆ ಮೇಡಂ, ಕಂಪನೀಲಿ ಇನ್ನು ಇವ್ರು ಯಾಕೆ —

ಪೆನ್ನು ಎತ್ತಿದೆ. ಕಾಕಾನ ಕಣ್ಣು ಹಾಳೆಯ ಮೇಲಿದೆ.